ಸತ್ತ ಕುರಿಗೆ ಪರಿಹಾರ, ಮಾರಿದ ಎತ್ತಿಗೆ ಏನು?

ಏಪ್ರಿಲ್ ಮುಗಿಯುತ್ತ ಬಂದಂತೆ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಕುರಿಗಾರರ ಕಣ್ಣು ಮಧ್ಯಾಹ್ನದ ನಂತರ ಆಕಾಶದ ಮೇಲೆಯೇ ಇರುತ್ತದೆ. ದಿನವಿಡೀ ಕಾದ ನೆಲದ ಮೇಲೆ ಸಂಜೆಗೆ ಒಮ್ಮೆಲೇ ಮೋಡ ಕಟ್ಟುತ್ತದೆ, ಗಾಳಿ ಏಳುತ್ತದೆ. ಬಯಲಲ್ಲಿ ಮೇಯುತ್ತಿದ್ದ ಹಿಂಡು ಅಲ್ಲಿರುವ ಒಂದೇ ಬೇವಿನ ಮರದ ಕೆಳಗೆ ಸೇರಿ, ತಲೆ ತಗ್ಗಿಸಿ, ಮೈಗೆ ಮೈ ಒತ್ತಿ ನಿಲ್ಲುತ್ತದೆ. ಮಳೆ ಬಂದಾಗ ಗುಂಪುಗೂಡುವುದು ಕುರಿಯ ಹುಟ್ಟುಗುಣ. ಸಿಡಿಲು ಆ ಮರಕ್ಕೆ ಬಡಿದರೆ ವಿದ್ಯುತ್ತು ಬುಡದಿಂದ ಸುತ್ತಲಿನ ನೆಲಕ್ಕೆ ಹರಡುತ್ತದೆ. ನಾಲ್ಕು ಕಾಲಿನ ಪ್ರಾಣಿಯಲ್ಲಿ ಅದು ಮುಂಗಾಲಿನಿಂದ ಹಿಂಗಾಲಿಗೆ ಹರಿಯುವಾಗ ನಡುವೆ ಸಿಗುವುದೇ ಎದೆ. ಒಂದೇ ಸಿಡಿಲಿಗೆ ಇಪ್ಪತ್ತು, ಮೂವತ್ತು ಕುರಿ ಒಟ್ಟಿಗೆ ಬೀಳುವುದಕ್ಕೆ, ಹತ್ತಿರದಲ್ಲೇ ನಿಂತಿದ್ದ ಕುರಿಗಾರ ಕೆಲವೊಮ್ಮೆ ಬದುಕಿ ಉಳಿಯುವುದಕ್ಕೆ ಇದೇ ಕಾರಣ.

ಹೀಗೆ ಸತ್ತ ಕುರಿಗೆ ಸರ್ಕಾರ ಪರಿಹಾರ ಕೊಡುತ್ತದೆ. ನೆರೆಯಲ್ಲಿ ಕೊಚ್ಚಿಹೋದ ಎಮ್ಮೆಗೆ, ಬೆಂಕಿ ಬಿದ್ದ ದೊಡ್ಡಿಯಲ್ಲಿ ಸತ್ತ ಎತ್ತಿಗೆ ಕೂಡ ಕೊಡುತ್ತದೆ. ಎಷ್ಟು ಕೊಡುತ್ತದೆ, ಯಾರಿಗೆ, ಯಾವ ಕಾಗದ ನೋಡಿ ಎಂಬುದು ದನ, ಕುರಿ ಕಟ್ಟಿದ ಪ್ರತಿ ಮನೆಗೂ ಗೊತ್ತಿರಬೇಕಾದ ವಿಷಯ. ಅದರ ಜೊತೆಗೆ, ಈ ವ್ಯವಸ್ಥೆಯ ಕಣ್ಣಿಗೆ ಬೀಳದೇ ಹೋಗುವ ನಷ್ಟ ಯಾವುದು ಎಂಬುದನ್ನೂ ಮಾತಾಡಬೇಕು. ಕೊಪ್ಪಳದಂಥ ಜಿಲ್ಲೆಯಲ್ಲಿ ದೊಡ್ಡ ನಷ್ಟ ಇರುವುದು ಅಲ್ಲಿಯೇ.

ಹಣದ ಮೂಲ ರಾಜ್ಯ ವಿಪತ್ತು ಸ್ಪಂದನಾ ನಿಧಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಹುಟ್ಟಿದ ಈ ನಿಧಿಗೆ ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರ ಶೇ 75, ರಾಜ್ಯ ಶೇ 25 ಹಾಕುತ್ತವೆ. ವಿಪತ್ತು ದೊಡ್ಡದಾಗಿ ಈ ಹಣ ಸಾಲದಿದ್ದರೆ ರಾಜ್ಯವು ಕೇಂದ್ರದ ರಾಷ್ಟ್ರೀಯ ನಿಧಿಗೆ ಮನವಿ ಸಲ್ಲಿಸಬೇಕು. ಯಾವ ನಷ್ಟಕ್ಕೆ ಎಷ್ಟು ಎಂಬ ದರಪಟ್ಟಿಯನ್ನು ಕೇಂದ್ರ ಗೃಹ ಸಚಿವಾಲಯ ಕೆಲವು ವರ್ಷಗಳಿಗೊಮ್ಮೆ ಹೊರಡಿಸುತ್ತದೆ. 2022ರ ಅಕ್ಟೋಬರಿನಲ್ಲಿ ಬಂದ ಪಟ್ಟಿಯ ಪ್ರಕಾರ ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000, ಕರು, ಕತ್ತೆಗೆ 20,000, ಕುರಿ, ಮೇಕೆಗೆ ತಲಾ 4,000, ಕೋಳಿಗೆ 100. ಮನೆಗೆ ತಾಗಿದ ಕೊಟ್ಟಿಗೆ ಬಿದ್ದರೆ 3,000.

ಇದಕ್ಕೊಂದು ಮಿತಿಯೂ ಇದೆ. ಒಂದು ಕುಟುಂಬಕ್ಕೆ ಹೆಚ್ಚೆಂದರೆ ಮೂರು ಹಸು ಅಥವಾ ಎಮ್ಮೆ, ಇಲ್ಲವೇ ಮೂವತ್ತು ಕುರಿ, ಮೇಕೆ, ಇಲ್ಲವೇ ಮೂರು ಎತ್ತು, ಇಲ್ಲವೇ ಆರು ಕರು. ಎಷ್ಟೇ ಸತ್ತಿರಲಿ, ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ಯಲಬುರ್ಗಾ ತಾಲ್ಲೂಕಿನ ಒಬ್ಬ ಕುರಿಗಾರನ ನಲವತ್ತೆರಡು ಕುರಿ ಒಂದೇ ಸಿಡಿಲಿಗೆ ಬಲಿಯಾದವು ಎಂದುಕೊಳ್ಳೋಣ. ಅವನಿಗೆ ಸಿಗುವುದು ಮೂವತ್ತರ ಹಣ, 1,20,000 ರೂಪಾಯಿ. ಉಳಿದ ಹನ್ನೆರಡು ಕುರಿ ಲೆಕ್ಕದಿಂದ ಹೊರಗೆ. ಸಂತೆಯಲ್ಲಿ ಇಂದು ಒಳ್ಳೆಯ ಟಗರಿಗೆ ಹತ್ತು ಸಾವಿರ ಸುಲಭವಾಗಿ ದಾಟುತ್ತದೆ ಎಂಬುದನ್ನು ನೆನೆದರೆ ನಾಲ್ಕು ಸಾವಿರದ ಅಳತೆ ಗೊತ್ತಾಗುತ್ತದೆ.

ಆದರೂ ಹಿಂದಿನದಕ್ಕೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ ಎಂದೇ ಹೇಳಬೇಕು. 2015ಕ್ಕೆ ಮೊದಲಿನ ಪಟ್ಟಿಯಲ್ಲಿ ಕುರಿಗೆ ಇದ್ದದ್ದು 1,650 ರೂಪಾಯಿ, ಅದೂ ಮನೆಗೆ ನಾಲ್ಕೇ ಕುರಿಗೆ. ಅಂದರೆ ಇಡೀ ಹಿಂಡು ಸತ್ತರೂ ಕೈಗೆ ಬರುತ್ತಿದ್ದದ್ದು 6,600 ರೂಪಾಯಿ. ದೊಡ್ಡ ಪ್ರಾಣಿಯಾದರೆ ಒಂದಕ್ಕೆ ಮಾತ್ರ. ಜೋಡೆತ್ತು ಸತ್ತವನಿಗೆ ಒಂದೇ ಎತ್ತಿನ ಹಣ. ಒಂದೆತ್ತಿನಲ್ಲಿ ಯಾವ ರೈತ ಗಳೆ ಹೂಡಿಯಾನು? 2015ರಲ್ಲಿ ಕುರಿಯ ದರ 3,000ಕ್ಕೆ ಏರಿತು, ಮಿತಿ ನಾಲ್ಕರಿಂದ ಮೂವತ್ತಕ್ಕೆ ಹೋಯಿತು. ಕುರಿಗಾರನ ಸಂಪತ್ತು ಹಿಂಡು ಎಂಬುದನ್ನು ಸರ್ಕಾರಿ ಕಾಗದ ಒಪ್ಪಿಕೊಂಡದ್ದು ಆಗ.

ಇನ್ನೂ ಹಿಂದಕ್ಕೆ ಹೋದರೆ ಪರಿಹಾರ ಎಂಬುದೇ ಸಾಲವಾಗಿತ್ತು. ಕೊಪ್ಪಳ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ ಪಕ್ಕದ ಗದಗ, ಬಳ್ಳಾರಿ ಬ್ರಿಟಿಷರ ಕೈಯಲ್ಲಿದ್ದವು. ಅಲ್ಲಿ 1884ರ ಕೃಷಿಕರ ಸಾಲ ಕಾಯ್ದೆಯಡಿ ಬರಗಾಲ ಕಳೆದ ಮೇಲೆ ಬೀಜ ಮತ್ತು ದನ ಕೊಳ್ಳಲು ತಕಾವಿ ಕೊಡುತ್ತಿದ್ದರು. ಕೊಟ್ಟದ್ದನ್ನು ಬಡ್ಡಿಸಮೇತ ತೀರಿಸಬೇಕಿತ್ತು. ಹಳೆಯ ತಲೆಮಾರಿನವರ ಬಾಯಲ್ಲಿ ತಕಾವಿ ಎಂಬ ಮಾತು ಈಗಲೂ ಕೇಳಿಬರುತ್ತದೆ.

ಇಂದು ಹಣ ಹಿಂದಿರುಗಿಸಬೇಕಿಲ್ಲ, ಆದರೆ ಸಾವನ್ನು ಸಾಬೀತು ಮಾಡಬೇಕು. ಮೇಲೆ ಹೇಳಿದ ಆ ಕುರಿಗಾರನನ್ನೇ ಮತ್ತೆ ನೋಡೋಣ. ಮಳೆ ನಿಂತ ಮೇಲೆ ಅವನು ಮೊದಲು ಮಾಡಬೇಕಾದದ್ದು ಎರಡು ಕರೆ. ಒಂದು ತಲಾಟಿಗೆ. ಕಾಗದದಲ್ಲಿ ಆ ಹುದ್ದೆಯ ಹೆಸರು ಈಗ ಗ್ರಾಮ ಆಡಳಿತ ಅಧಿಕಾರಿ ಎಂದಾಗಿದೆ. ಇನ್ನೊಂದು ಹತ್ತಿರದ ಪಶು ಆಸ್ಪತ್ರೆಗೆ: "ಡಾಕ್ಟ್ರ, ಸಿಡ್ಲ ಬಡದು ಹಿಂಡ ಹೋಗೈತ್ರಿ, ಮುಂಜಾನೆ ಲಗೂನ ಬರ್ರಿ." ಮುಂಜಾನೆಯ ತನಕ ನಾಯಿ, ನರಿ ಮುಟ್ಟದಂತೆ ಸತ್ತ ಕುರಿಗಳನ್ನು ಕಾಯಬೇಕು. ಅವುಗಳನ್ನು ಜಾಗದಿಂದ ಕದಲಿಸುವಂತಿಲ್ಲ, ತೊಗಲು ಸುಲಿಯುವಂತಿಲ್ಲ, ಹೂಳುವಂತಿಲ್ಲ.

ಡಾಕ್ಟರು ಬಂದು ಮೊದಲು ನೋಡುವುದು ಹೊರಗಿನ ಗುರುತುಗಳನ್ನು. ಉಣ್ಣೆ ಸುಟ್ಟ ಗೆರೆ ಇದೆಯೇ, ಮರದ ತೊಗಟೆ ಸೀಳಿದೆಯೇ, ಕುರಿಗಳು ಮರದ ಸುತ್ತ ಒತ್ತಾಗಿ ಬಿದ್ದಿವೆಯೇ. ಸಿಡಿಲಿನ ಸಾವು ಎಷ್ಟು ಹಠಾತ್ತೆಂದರೆ ಎಷ್ಟೋ ಸಲ ಮೇಯುತ್ತಿದ್ದ ಹುಲ್ಲಿನ ಎಸಳು ಬಾಯಲ್ಲಿ ಹಾಗೇ ಇರುತ್ತದೆ. ನರಳಿದ, ಕಾಲು ಬಡಿದು ನೆಲ ಕೆದರಿದ ಗುರುತು ಇರುವುದಿಲ್ಲ. ವಿಷದ ಸೊಪ್ಪು ತಿಂದು ಸತ್ತ ಕುರಿಯ ಸುತ್ತಲಿನ ನೆಲ ಬೇರೆಯೇ ಕಥೆ ಹೇಳುತ್ತದೆ. ಹೊಟ್ಟೆ ಬೇಗ ಉಬ್ಬುವುದರಿಂದ, ಮೇ ತಿಂಗಳ ಬಿಸಿಲಿನಲ್ಲಿ ಹತ್ತು ಗಂಟೆಯ ಹೊತ್ತಿಗೆ ಅಲ್ಲಿ ನಿಲ್ಲುವುದೇ ಕಷ್ಟ. ಆ ವಾಸನೆಯ ನಡುವೆ ಡಾಕ್ಟರು ಮರಣೋತ್ತರ ಪರೀಕ್ಷೆ ಮಾಡಿ ವರದಿ ಬರೆಯುತ್ತಾರೆ, ತಲಾಟಿ ಊರಿನ ಪಂಚರ ಎದುರು ಪಂಚನಾಮೆ ಬರೆದು ಸಹಿ, ಹೆಬ್ಬೆಟ್ಟು ಹಾಕಿಸುತ್ತಾರೆ, ಯಾರದೋ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ಇದಕ್ಕೆ ಆಧಾರ್, ಪಹಣಿ, ಬ್ಯಾಂಕಿನ ಪಾಸ್‌ಬುಕ್ಕಿನ ನಕಲು ಸೇರಿ ಕಡತ ತಹಶೀಲ್ದಾರ್ ಕಚೇರಿಗೆ ಹೋಗುತ್ತದೆ. ಮಂಜೂರಾದ ಹಣ ನೇರ ಖಾತೆಗೆ ಬೀಳುತ್ತದೆ. ದನವಾದರೆ ಅದರ ಕಿವಿಗೆ ಹಾಕಿದ ಗುರುತಿನ ಬಿಲ್ಲೆಯ, ಅಂದರೆ ಕಿವಿಯೋಲೆಯ, ಹನ್ನೆರಡು ಅಂಕಿ ದೊಡ್ಡ ಆಸರೆ. ಆ ಪ್ರಾಣಿ ಯಾರದು ಎಂಬ ಪ್ರಶ್ನೆಗೆ ಅದೇ ಉತ್ತರ.

ಸಿಡಿಲಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಕೇಂದ್ರದ ವಿಪತ್ತುಗಳ ಪಟ್ಟಿಯಲ್ಲಿ ಬರ, ನೆರೆ, ಬೆಂಕಿ, ಆಲಿಕಲ್ಲು ಮಳೆ, ಚಂಡಮಾರುತ, ಭೂಕಂಪ ಎಲ್ಲ ಇವೆ; ಸಿಡಿಲು ಇಲ್ಲ. ಆದರೆ ತಮ್ಮ ನಾಡಿಗೆ ವಿಶೇಷವಾದ ವಿಪತ್ತುಗಳಿಗೆ ರಾಜ್ಯಗಳು ನಿಧಿಯ ಶೇ 10ರವರೆಗೆ ಬಳಸಬಹುದು. ಕರ್ನಾಟಕ ಸಿಡಿಲಿನ ಸಾವಿಗೂ ಪರಿಹಾರ ಕೊಡುತ್ತ ಬಂದಿದೆ. ಬಯಲುಸೀಮೆಯ ಕುರಿಗಾರನಿಗೆ ಭೂಕಂಪಕ್ಕಿಂತ ಸಿಡಿಲೇ ಹತ್ತಿರದ ಅಪಾಯ ಎಂಬುದನ್ನು ದೆಹಲಿಯ ಪಟ್ಟಿಯೂ ಗುರುತಿಸಬೇಕು.

ಇನ್ನೊಂದು ತೊಡಕು ಪಟ್ಟಿಯ ತಲೆಬರಹದಲ್ಲೇ ಇದೆ. ಜಾನುವಾರು ಪರಿಹಾರವನ್ನು ಅಲ್ಲಿ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ನೀಡುವ ನೆರವು ಎಂದು ಕರೆಯಲಾಗಿದೆ. ಸಣ್ಣ ರೈತ ಎಂದರೆ ಎರಡು ಹೆಕ್ಟೇರು, ಅಂದರೆ ಸುಮಾರು ಐದು ಎಕರೆಯವರೆಗೆ ಭೂಮಿ ಇರುವವನು. ಗಂಗಾವತಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ವರ್ಷಕ್ಕೆ ಎರಡು ಬೆಳೆ ಭತ್ತ ಕೊಡುವ ಐದು ಎಕರೆಯೂ ಐದೇ ಎಕರೆ, ಕುಷ್ಟಗಿಯ ಮಸಾರಿ ನೆಲದಲ್ಲಿ ಮಳೆ ನಂಬಿ ಸಜ್ಜೆ ಬಿತ್ತುವ ಐದು ಎಕರೆಯೂ ಐದೇ ಎಕರೆ. ಎಂಟು ಎಕರೆ ಒಣ ಹೊಲ ಇಟ್ಟುಕೊಂಡು ಗುಳೆ ಹೋಗುವ ಕುಟುಂಬ ಈ ಅಳತೆಯಲ್ಲಿ ದೊಡ್ಡದಾಗಿ ಕಾಣುತ್ತದೆ. ಹೊಲವೇ ಇಲ್ಲದೆ ನೂರು ಕುರಿ ನಂಬಿ ಬದುಕುವವನಿಗೆ ತೋರಿಸಲು ಪಹಣಿಯೇ ಇರುವುದಿಲ್ಲ. ಜಾನುವಾರು ಸಾಕಿದವನ ಬಡತನವನ್ನು ಭೂಮಿಯ ಅಳತೆಯಲ್ಲಿ ತೂಗುವುದು ಸರಿಯಾದ ಕ್ರಮವಲ್ಲ.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು ರಾಜ್ಯದ ಅನುಗ್ರಹ ಯೋಜನೆ. ಆಕಸ್ಮಿಕವಾಗಿ ಸತ್ತ ಜಾನುವಾರುಗಳಿಗೆ ರಾಜ್ಯವೇ ಕೊಡುವ ಹಣ ಇದು. ನಡುವೆ ನಿಂತುಹೋಗಿದ್ದ ಯೋಜನೆಯನ್ನು 2023ರ ಜುಲೈ ಬಜೆಟ್ಟಿನಲ್ಲಿ ಮತ್ತೆ ಜಾರಿಗೆ ತಂದರು. 2025–26ರ ಬಜೆಟ್ಟಿನಲ್ಲಿ ಹಸು, ಎಮ್ಮೆ, ಎತ್ತಿಗೆ ಇದ್ದ 10,000 ರೂಪಾಯಿಯನ್ನು 15,000ಕ್ಕೆ, ಕುರಿ, ಮೇಕೆಗೆ ಇದ್ದ 5,000ವನ್ನು 7,500ಕ್ಕೆ, ಮೂರರಿಂದ ಆರು ತಿಂಗಳ ಮರಿಗಳಿಗೆ ಇದ್ದ 3,500ವನ್ನು 5,000ಕ್ಕೆ ಏರಿಸಿದರು. ಕುರಿಯ ಮಟ್ಟಿಗೆ ಇದು ಕೇಂದ್ರದ ದರಕ್ಕಿಂತ ಹೆಚ್ಚು, ದನದ ಮಟ್ಟಿಗೆ ಕಡಿಮೆ. ಮರಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಈ ಯೋಜನೆಯ ಒಳ್ಳೆಯ ಅಂಶ. ಕೇಂದ್ರದ ಪಟ್ಟಿ ಆರ್ಥಿಕವಾಗಿ ಉಪಯೋಗಕ್ಕೆ ಬಂದ ಪ್ರಾಣಿಯನ್ನು ಮಾತ್ರ ನೋಡುತ್ತದೆ, ಆದರೆ ಕುರಿಗಾರನ ಮುಂದಿನ ವರ್ಷದ ಆದಾಯ ಇರುವುದೇ ಮರಿಗಳಲ್ಲಿ.

ರೋಗದಿಂದ ಬರುವ ಸಾವಿನ ಮಾತು ಬೇರೆ. 2022ರಲ್ಲಿ ಚರ್ಮಗಂಟು ರೋಗ ಉತ್ತರ ಕರ್ನಾಟಕದ ದನಗಳಿಗೆ ಹಬ್ಬಿ ಕೊಪ್ಪಳಕ್ಕೂ ತಟ್ಟಿತು. ಮೈತುಂಬ ಗಂಟು, ಜ್ವರ, ಬಾತ ಕಾಲು. ಬಿತ್ತನೆಯ ಹಂಗಾಮಿನಲ್ಲಿ ಎತ್ತು ಏಳಲಾರದೆ ಮಲಗುತ್ತಿತ್ತು. ರಾಜ್ಯ ಸರ್ಕಾರ ಆ ವರ್ಷ ಪ್ರತ್ಯೇಕ ಆದೇಶ ಹೊರಡಿಸಿ ಸತ್ತ ಎತ್ತಿಗೆ 30,000, ಹಸುವಿಗೆ 20,000, ಕರುವಿಗೆ 5,000 ಗೊತ್ತುಮಾಡಿತು. ಬದುಕಿ ಉಳಿದರೂ ಹಾಲು ಬತ್ತಿದ, ಗರ್ಭ ಕಳೆದುಕೊಂಡ ಹಸುಗಳಿಗೆ ಏನೂ ಇರಲಿಲ್ಲ.

ಇಷ್ಟರವರೆಗೆ ಹೇಳಿದ್ದೆಲ್ಲ ಹೆಣ ಕಣ್ಣಿಗೆ ಕಾಣುವ ಸಾವು. ಕೊಪ್ಪಳ ಜಿಲ್ಲೆಯ ದೊಡ್ಡ ಶತ್ರು ಬರ. ಬರದಲ್ಲಿ ದನ ಸಾಯುವ ಮೊದಲೇ ಕೊಟ್ಟಿಗೆಯಿಂದ ಹೊರಟುಹೋಗುತ್ತದೆ.

2023ರ ಮುಂಗಾರು ಕೈಕೊಟ್ಟಾಗ ಸರ್ಕಾರ ಸೆಪ್ಟೆಂಬರಿನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತ ಎಂದಿತು. ಪಟ್ಟಿ ಬೆಳೆಯುತ್ತ 223 ತಾಲ್ಲೂಕಿಗೆ ಬಂತು. ರಾಜ್ಯದಲ್ಲಿ ಬರ ಇಲ್ಲದ ತಾಲ್ಲೂಕು ಹುಡುಕಬೇಕಾದ ಸ್ಥಿತಿ. ಕುಷ್ಟಗಿ, ಯಲಬುರ್ಗಾದ ಹೊಲಗಳಲ್ಲಿ ಜೋಳ ಮೊಣಕಾಲೆತ್ತರಕ್ಕೆ ಒಣಗಿದರೆ ಮನೆಗೆ ಕಾಳು ಬರುವುದಿಲ್ಲ ಎಂಬುದು ಒಂದು ನಷ್ಟ, ದನಕ್ಕೆ ಕಣಕಿ ಬರುವುದಿಲ್ಲ ಎಂಬುದು ಇನ್ನೊಂದು. ಸಾಮಾನ್ಯ ವರ್ಷಗಳಲ್ಲಿ ಈ ಕೊರತೆ ನೀಗಿಸುವುದು ಗಂಗಾವತಿ. ಭತ್ತ ಕೊಯ್ದ ಮೇಲೆ ಹುಲ್ಲಿನ ಪೆಂಡಿ ಹೇರಿದ ಟ್ರ್ಯಾಕ್ಟರುಗಳು ಒಣ ತಾಲ್ಲೂಕುಗಳ ಕಡೆ ಸಾಲು ಹಿಡಿಯುತ್ತವೆ, ಬಣವಿ ಮತ್ತೆ ಎದ್ದು ನಿಲ್ಲುತ್ತದೆ. ಆ ವರ್ಷ ತುಂಗಭದ್ರಾ ಜಲಾಶಯವೇ ತುಂಬಲಿಲ್ಲ, ಎರಡನೇ ಬೆಳೆಗೆ ನೀರು ಸಿಗಲಿಲ್ಲ. ಹುಲ್ಲು ಕೊಡುವ ಕಡೆಯೇ ಹುಲ್ಲಿಲ್ಲ. ಅದರ ಮೇಲೆ, ಕೊಯ್ಲಿನ ಯಂತ್ರ ಬಂದ ಮೇಲೆ ಗದ್ದೆಯಲ್ಲಿ ಚೂರಾಗಿ ಬೀಳುವ ಹುಲ್ಲನ್ನು ಕಟ್ಟಿ ತರುವ ಬದಲು ಅಲ್ಲೇ ಸುಡುವುದು ಎಷ್ಟೋ ಕಡೆ ರೂಢಿಯಾಗಿದೆ. ಒಂದೇ ಜಿಲ್ಲೆಯ ಒಂದು ಕಡೆ ಮೇವು ಸುಟ್ಟು, ಇನ್ನೊಂದು ಕಡೆ ಮೇವಿಲ್ಲದೆ ದನ ಮಾರುವುದು ತಪ್ಪಬೇಕಾದ ಸಂಗತಿ.

ಮಾರಾಟದ ಲೆಕ್ಕ ಕ್ರೂರವಾದದ್ದು. ಬರದಲ್ಲಿ ಎಲ್ಲರೂ ಒಟ್ಟಿಗೆ ಮಾರುತ್ತಾರೆ, ಆದ್ದರಿಂದ ಬೆಲೆ ಬೀಳುತ್ತದೆ. ಮಳೆಯಾದ ಮೇಲೆ ಎಲ್ಲರೂ ಒಟ್ಟಿಗೆ ಕೊಳ್ಳುತ್ತಾರೆ, ಆದ್ದರಿಂದ ಬೆಲೆ ಏರುತ್ತದೆ. ಲಕ್ಷ ಬಾಳುವ ಜೋಡೆತ್ತನ್ನು ಅರ್ಧ ಬೆಲೆಗೆ ಬಿಟ್ಟ ರೈತ ಮರುವರ್ಷ ಅದೇ ಲಕ್ಷಕ್ಕೆ ಬೇರೆ ಜೋಡಿ ತರಲಾರ. ಅವನು ಟ್ರ್ಯಾಕ್ಟರಿನ ಬಾಡಿಗೆಗೆ ಬೀಳುತ್ತಾನೆ, ಹೊಲಕ್ಕೆ ಗೊಬ್ಬರ ಇಲ್ಲವಾಗುತ್ತದೆ, ಮನೆಗೆ ಮೊಸರು ಇಲ್ಲವಾಗುತ್ತದೆ. ಇನ್ನು ಮುದಿ ಎತ್ತಿಗಂತೂ ಕೊಳ್ಳುವವರೇ ಕಡಿಮೆ. 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ತಡೆ ಕಾಯ್ದೆಯ ನಂತರ ಆ ದಾರಿ ಇನ್ನಷ್ಟು ಕಿರಿದಾಯಿತು. ಕಾಯ್ದೆಯ ಸರಿತಪ್ಪಿನ ಚರ್ಚೆ ಬೇರೆ. ಆದರೆ ಮುದಿ ದನವನ್ನು ಸಾಕಲೇಬೇಕು ಎಂದಾದ ಮೇಲೆ ಬರದ ವರ್ಷ ಅದರ ಮೇವಿನ ಖರ್ಚು ಯಾರದು ಎಂಬ ಪ್ರಶ್ನೆಗೂ ಉತ್ತರ ಬೇಕು.

ಈ ಅಗ್ಗದ ಮಾರಾಟಕ್ಕೆ ಪಂಚನಾಮೆ ಇಲ್ಲ, ಮರಣೋತ್ತರ ಪರೀಕ್ಷೆ ಇಲ್ಲ. ಆದ್ದರಿಂದ ಪರಿಹಾರವೂ ಇಲ್ಲ.

ಬರದಲ್ಲಿ ಬದುಕಿರುವ ದನಕ್ಕೆ ನಿಧಿಯಿಂದ ಸಿಗುವುದು ಗೋಶಾಲೆ. ಗೋಶಾಲೆಯಲ್ಲಿ ದೊಡ್ಡ ಜಾನುವಾರಿಗೆ ದಿನಕ್ಕೆ 80 ರೂಪಾಯಿ, ಸಣ್ಣದಕ್ಕೆ 45 ರೂಪಾಯಿ ಮೇವು, ನೀರು, ಔಷಧಕ್ಕೆಂದು ಖರ್ಚು ಮಾಡಬಹುದು. ಅವಧಿ ಮೊದಲಿಗೆ 30 ದಿನ, ಅಗತ್ಯ ಬಿದ್ದರೆ 60, ತೀವ್ರ ಬರವಾದರೆ 90. ಕೂಡಿಸಿ ನೋಡಿದರೆ ಒಂದು ಹಸುವನ್ನು ತೊಂಬತ್ತು ದಿನ ಬದುಕಿಸಲು 7,200 ರೂಪಾಯಿ. ಅದೇ ಹಸು ನೆರೆಯಲ್ಲಿ ಸತ್ತರೆ 37,500. ಜೀವ ಉಳಿಸುವುದು ಐದು ಪಟ್ಟು ಅಗ್ಗ ಎಂದು ಸರ್ಕಾರದ ಪಟ್ಟಿಯೇ ಹೇಳುತ್ತಿದೆ.

ಆದರೆ ಈ 7,200 ರೂಪಾಯಿ ರೈತನ ಕೊಟ್ಟಿಗೆಗೆ ಬರುವುದಿಲ್ಲ. ದನವನ್ನು ಹೊಡೆದುಕೊಂಡು ಗೋಶಾಲೆಗೆ ಹೋಗಬೇಕು. ಅದರ ಜೊತೆಗೆ ಮನೆಯ ಒಬ್ಬ ಆಳೂ ಹೋಗಬೇಕು, ಯಾಕೆಂದರೆ ನೀರು ಕುಡಿಸುವವರು, ಸೆಗಣಿ ತೆಗೆಯುವವರು, ಹಾಲು ಹಿಂಡುವವರು ಬೇಕಲ್ಲ. ದೂರದ ಹಳ್ಳಿಯ ಮುದುಕಿ ತನ್ನ ಒಂದೇ ಎಮ್ಮೆಯನ್ನು ಬಿಟ್ಟು ಹೇಗೆ ಬಂದಾಳು? ಎಮ್ಮೆ ಗೋಶಾಲೆಯಲ್ಲಿದ್ದರೆ ಊರಿನ ಡೇರಿಗೆ ಹಾಲು ಹಾಕುವುದೂ ನಿಲ್ಲುತ್ತದೆ. ಬರದಲ್ಲಿ ಸರ್ಕಾರ ತೆರೆಯುವ ಮೇವು ಬ್ಯಾಂಕಿನಲ್ಲಿ ರಿಯಾಯಿತಿ ದರಕ್ಕೆ ಹುಲ್ಲು ಸಿಗುತ್ತದೆ, ಆದರೆ ಅಲ್ಲಿಂದ ಹೊರೆ ತರಲು ಗಾಡಿ ಬೇಕು, ಕೈಯಲ್ಲಿ ರೊಕ್ಕ ಬೇಕು. ಮೇವಿನ ಬೀಜದ ಮಿನಿ ಕಿಟ್ಟುಗಳನ್ನು ಹಂಚುತ್ತಾರೆ. ಕೊಳವೆಬಾವಿಯಲ್ಲಿ ನೀರಿದ್ದವನು ಬೆಳೆದುಕೊಳ್ಳುತ್ತಾನೆ. ಕುರಿಗಳ ಹಿಂಡು ಗೋಶಾಲೆಯ ವ್ಯವಸ್ಥೆಗೆ ಒಗ್ಗುವುದೇ ಇಲ್ಲ. ಅದು ನಡೆಯುತ್ತ ಮೇಯುವ ಪ್ರಾಣಿ.

ಬೆಳೆ ಪರಿಹಾರದ ಕಡೆ ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. ಒಣ ಬೇಸಾಯಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000 ರೂಪಾಯಿ, ಗರಿಷ್ಠ ಎರಡು ಹೆಕ್ಟೇರಿಗೆ. ಫ್ರೂಟ್ಸ್ ಐಡಿ, ಅಂದರೆ ರಾಜ್ಯದ ರೈತ ನೋಂದಣಿ ಸಂಖ್ಯೆ, ಇದ್ದ ರೈತನ ಆಧಾರ್ ಜೋಡಿಸಿದ ಖಾತೆಗೆ ‘ಪರಿಹಾರ’ ಎಂಬ ತಂತ್ರಾಂಶದ ಮೂಲಕ ನೇರ ಜಮಾ. ಒಬ್ಬೊಬ್ಬ ರೈತ ಕಡತ ಹಿಡಿದು ಅಲೆಯಬೇಕಿಲ್ಲ. ಬೆಳೆ ಸಮೀಕ್ಷೆಯ ದತ್ತಾಂಶ ಈಗಾಗಲೇ ಅಲ್ಲಿರುತ್ತದೆ. 2023ರ ಬರದಲ್ಲಿ ಕೇಂದ್ರದ ಹಣ ತಡವಾದಾಗ ರಾಜ್ಯ ಮೊದಲ ಕಂತಾಗಿ ಗರಿಷ್ಠ 2,000 ರೂಪಾಯಿಯನ್ನು ಈ ದಾರಿಯಲ್ಲೇ ಹಾಕಿತು. ಇದೇ ದಾರಿಯಲ್ಲಿ ಮೇವಿನ ಹಣ ಹೋಗಲು ತಾಂತ್ರಿಕವಾಗಿ ಅಡ್ಡಿ ಏನೂ ಇಲ್ಲ. ದನಕ್ಕೆ ಕಿವಿಯೋಲೆ ಇದೆ, ಒಡೆಯನಿಗೆ ಆಧಾರ್ ಇದೆ. ಬೇಕಾಗಿರುವುದು ನಿಯಮದಲ್ಲಿ ಒಂದು ಸಾಲು.

ಆ ಬರಕ್ಕೆ ಕರ್ನಾಟಕ ಕೇಂದ್ರದ ಮುಂದಿಟ್ಟ ಬೇಡಿಕೆ 18,171.44 ಕೋಟಿ ರೂಪಾಯಿ. ಅದರಲ್ಲಿ ಬೆಳೆ ನಷ್ಟಕ್ಕೆ 4,663.12 ಕೋಟಿ, ಕುಟುಂಬಗಳ ಜೀವನೋಪಾಯದ ನೆರವಿಗೆ 12,577.86 ಕೋಟಿ, ಕುಡಿಯುವ ನೀರಿಗೆ 566.78 ಕೋಟಿ, ಜಾನುವಾರುಗಳ ಆರೈಕೆಗೆ 363.68 ಕೋಟಿ. ಜಾನುವಾರಿನ ಪಾಲು ನೂರಕ್ಕೆ ಎರಡು. 2024ರ ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ ಕೊನೆಗೆ ಕೇಂದ್ರ ಸುಮಾರು 3,450 ಕೋಟಿ ಬಿಡುಗಡೆ ಮಾಡಿತು. ಎರಡು ಸರ್ಕಾರಗಳ ಜಗಳದಲ್ಲಿ ಯಾರ ಲೆಕ್ಕ ಸರಿ ಎಂಬುದು ಪತ್ರಿಕೆಗಳಲ್ಲಿ ದಿನವೂ ಬಂತು. ಬರ ಘೋಷಣೆಯಾಗಿ ಆಗ ಏಳು ತಿಂಗಳು ಕಳೆದಿತ್ತು. ಏಳು ತಿಂಗಳು ಯಾವ ಎತ್ತೂ ಹಸಿದು ಕಾಯುವುದಿಲ್ಲ.

ಹೊರಗಿನ ಎರಡು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಅಮೆರಿಕದಲ್ಲಿ ಜಾನುವಾರು ಸಾಕುವವರಿಗೆ ಎರಡು ಬೇರೆ ಬೇರೆ ಯೋಜನೆಗಳಿವೆ. ಒಂದು ವಿಪತ್ತಿನಲ್ಲಿ ಸತ್ತ ಪ್ರಾಣಿಗೆ ಮಾರುಕಟ್ಟೆ ಬೆಲೆಯ ಶೇ 75 ಕೊಡುತ್ತದೆ. ಇನ್ನೊಂದು ಬರದಿಂದ ಹುಲ್ಲುಗಾವಲು ಒಣಗಿದಾಗ, ಪ್ರಾಣಿ ಬದುಕಿದ್ದರೂ, ಮೇವಿನ ಖರ್ಚಿನ ಒಂದು ಭಾಗ ಕೊಡುತ್ತದೆ. ಅದು ಶ್ರೀಮಂತ ದೇಶದ ಮಾತಾಯಿತು ಎನ್ನುವವರು ಕೆನ್ಯಾ ನೋಡಬಹುದು. ಅಲ್ಲಿನ ಮಾರ್ಸಾಬಿಟ್ ಎಂಬ ಒಣ ಸೀಮೆಯಲ್ಲಿ, ನೈರೋಬಿಯ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆ 2010ರಲ್ಲಿ ಹೊಸ ಬಗೆಯ ವಿಮೆ ಆರಂಭಿಸಿತು. ಉಪಗ್ರಹದ ಚಿತ್ರದಲ್ಲಿ ನೆಲದ ಹಸಿರು ಎಷ್ಟು ಕುಗ್ಗಿದೆ ಎಂದು ಅಳೆಯುತ್ತಾರೆ. ಹಸಿರು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಆ ಪ್ರದೇಶದ ವಿಮೆದಾರರೆಲ್ಲರಿಗೂ ಹಣ. ಯಾರೂ ಸತ್ತ ಕುರಿ ತೋರಿಸಬೇಕಿಲ್ಲ. 2015ರಿಂದ ಕೆನ್ಯಾ ಸರ್ಕಾರವೇ ಬಡ ಪಶುಪಾಲಕರ ಪರವಾಗಿ ಕಂತು ಕಟ್ಟಿ ಇದನ್ನು ನಡೆಸಿತು. ಆಗ ಆದ ಮುಖ್ಯ ಬದಲಾವಣೆ ಎಂದರೆ, ಪ್ರಾಣಿ ಸತ್ತ ಮೇಲೆ ಹಣ ಕೊಡುವ ಬದಲು ಸಾಯುವ ಮೊದಲು ಮೇವಿಗೆ ಹಣ ಕೊಡುವುದು.

ಕರ್ನಾಟಕಕ್ಕೆ ಇದು ಎಟುಕದ ವಿದ್ಯೆಯಲ್ಲ. ದೇಶದಲ್ಲೇ ಮೊದಲ ಬರ ನಿಗಾ ಘಟಕವನ್ನು 1988ರಲ್ಲಿ ಕಟ್ಟಿದ ರಾಜ್ಯ ಇದು. ಅದೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದರ ಮಳೆಮಾಪಕಗಳಿವೆ. ಕೇಂದ್ರದ ಬರ ಕೈಪಿಡಿಯ ಪ್ರಕಾರ ತಾಲ್ಲೂಕನ್ನು ಬರಪೀಡಿತ ಎನ್ನುವ ಮೊದಲು ಮಳೆಯ ಕೊರತೆ, ಮಣ್ಣಿನ ತೇವ, ಉಪಗ್ರಹ ಕಂಡ ಹಸಿರು ಎಲ್ಲವನ್ನೂ ಈಗಾಗಲೇ ನೋಡುತ್ತಾರೆ. ಬರ ಘೋಷಿಸಲು ಸಾಕಾಗುವ ಈ ಅಂಕಿಗಳು ಯಲಬುರ್ಗಾದ ಒಂದು ಎಮ್ಮೆಗೆ ಮೂರು ತಿಂಗಳ ಹುಲ್ಲಿನ ಹಣ ಹಾಕಲು ಸಾಲವು ಎನ್ನಲಾಗದು.

ಬರ ಒಣ ತಾಲ್ಲೂಕುಗಳ ಚಿಂತೆಯಾದರೆ ನೆರೆ ಗಂಗಾವತಿಯದು. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿ ವಿರುಪಾಪುರ ಗಡ್ಡೆ ಎಂಬ ನಡುಗಡ್ಡೆಯನ್ನು ಸುತ್ತುವರಿದಾಗ ಸಿಕ್ಕಿಕೊಂಡ ಪ್ರವಾಸಿಗರ ರಕ್ಷಣೆ ದೇಶದ ಸುದ್ದಿಯಾಯಿತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ ನದಿಪಾತ್ರದ ಹಳ್ಳಿಗಳು ಎಚ್ಚರಿಕೆಯಲ್ಲೇ ದಿನ ಕಳೆದವು. ನೆರೆಯಲ್ಲಿ ಸಾಯುವ ದನಗಳಲ್ಲಿ ಬಹಳಷ್ಟು ಗೂಟಕ್ಕೆ ಕಟ್ಟಿದವು. ನೀರು ಏರುವ ಸುದ್ದಿ ಬಂದ ಕೂಡಲೇ ಕಣ್ಣಿ ಬಿಚ್ಚಿ ಬಿಟ್ಟರೆ ದನ ಈಜಿ ದಿಬ್ಬ ಸೇರುತ್ತದೆ. ಹೆಣ ಕೊಚ್ಚಿಹೋದರೆ ಸಾಕ್ಷ್ಯವೂ ಅದರ ಜೊತೆಗೇ ಹೋಗುತ್ತದೆ. ಆಗ ಕಿವಿಯೋಲೆಯ ದಾಖಲೆ, ಲಸಿಕೆ ಹಾಕಿಸಿದ ದಾಖಲೆ, ಡೇರಿಯ ಹಾಲಿನ ಪುಸ್ತಕ, ನೆರೆಹೊರೆಯವರ ಹೇಳಿಕೆ ಇವುಗಳ ಮೇಲೆಯೇ ನಿಲ್ಲಬೇಕು.

ವಿಮೆ ಮಾಡಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ರಾಷ್ಟ್ರೀಯ ಜಾನುವಾರು ಮಿಷನ್ನಿನ ವಿಮೆಯಲ್ಲಿ 2024ರಿಂದ ಸಾಕುವವನು ಕಟ್ಟಬೇಕಾದದ್ದು ಕಂತಿನ ಶೇ 15 ಮಾತ್ರ, ಉಳಿದದ್ದು ಸರ್ಕಾರಗಳದು. ಒಂದು ಮನೆಗೆ ಹತ್ತು ದನದವರೆಗೆ, ಕುರಿಯಾದರೆ ಅದರ ಹತ್ತು ಪಟ್ಟು, ನೂರರವರೆಗೆ ವಿಮೆ ಮಾಡಿಸಬಹುದು. ಇದು ಒಳ್ಳೆಯ ಅವಕಾಶ, ಮೂವತ್ತರ ಮಿತಿಯಿಂದ ಹೊರಗುಳಿಯುವ ಕುರಿಗಳಿಗೆ ರಕ್ಷಣೆ ಇಲ್ಲಿದೆ. ಆದರೆ ಇದು ಕೂಡ ಸಾವಿಗೆ ಮಾತ್ರ. ಹಸಿವಿಗೆ ಹೆದರಿ ಮಾರಿದ್ದಕ್ಕೆ ಇಲ್ಲಿಯೂ ಜಾಗವಿಲ್ಲ.

ಕೊನೆಯದಾಗಿ ತಿರುಗಾಡುವ ಹಿಂಡುಗಳ ಮಾತು. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1.11 ಕೋಟಿ ಕುರಿಗಳಿವೆ; ತೆಲಂಗಾಣ, ಆಂಧ್ರದ ನಂತರ ಮೂರನೇ ಸ್ಥಾನ. ಒಣ ತಾಲ್ಲೂಕುಗಳ ಕುರಿಗಾರರಲ್ಲಿ ಅನೇಕರು ಹಿಂಗಾರು ಮುಗಿದ ಮೇಲೆ ಹಟ್ಟಿ ಎತ್ತಿಕೊಂಡು ನೀರಾವರಿ ಸೀಮೆಗೆ ನಡೆಯುತ್ತಾರೆ. ಭತ್ತ ಕೊಯ್ದ ಗದ್ದೆಯಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಗದ್ದೆಗೆ ಗೊಬ್ಬರ, ಕುರಿಗಾರನಿಗೆ ಕಾಳು ಅಥವಾ ರೊಕ್ಕ. ಕತ್ತೆ ಅಥವಾ ಕುದುರೆಯ ಮೇಲೆ ಬಲೆ, ಪಾತ್ರೆ, ಎಳೆ ಮರಿಗಳನ್ನು ಹೇರಿಕೊಂಡು ಹೊರಟ ಕುಟುಂಬದ ಬಳಿ ಪಹಣಿ ಇರುವುದಿಲ್ಲ, ಪಾಸ್‌ಬುಕ್ಕು ಊರಿನ ಪೆಟ್ಟಿಗೆಯಲ್ಲಿರುತ್ತದೆ. ಕುಷ್ಟಗಿಯವನ ಕುರಿ ಬೇರೆ ಜಿಲ್ಲೆಯ ಗದ್ದೆಯಲ್ಲಿ ಸಿಡಿಲಿಗೆ ಸತ್ತರೆ ಪಂಚನಾಮೆ ಅಲ್ಲಿಯ ತಲಾಟಿ ಬರೆಯಬೇಕು, ಪರೀಕ್ಷೆ ಅಲ್ಲಿಯ ಡಾಕ್ಟರು ಮಾಡಬೇಕು. ಅವನ ಗುರುತು ಹೇಳುವ ಪಂಚರು ಆ ಊರಲ್ಲಿ ಇರುವುದಿಲ್ಲ. ಹಿಂಡು ಮರುದಿನ ಮುಂದೆ ನಡೆಯಬೇಕು, ಕಡತ ಹಿಂದೆ ಉಳಿಯುತ್ತದೆ. ಅಲೆಮಾರಿ ಕುರಿಗಾಹಿಗಳ ಕಲ್ಯಾಣ ಮತ್ತು ರಕ್ಷಣೆಗೆಂದೇ ಒಂದು ವಿಧೇಯಕ 2025ರಲ್ಲಿ ರಾಜ್ಯ ವಿಧಾನಮಂಡಲದ ಮುಂದೆ ಬಂತು. ಅದರ ಗಮನ ಹೆಚ್ಚಾಗಿ ದಾರಿಯಲ್ಲಿ ನಡೆಯುವ ದೌರ್ಜನ್ಯದ ಮೇಲೆ, ಅದು ಬೇಕಾದದ್ದೇ. ಅದರ ಜೊತೆಗೆ, ಸಾವು ಎಲ್ಲೇ ಆಗಲಿ ಅರ್ಜಿ ತವರು ತಾಲ್ಲೂಕಿನಲ್ಲೇ ನಡೆಯುವಂತೆ, ಯಾವ ಪಶುವೈದ್ಯರ ವರದಿಯನ್ನಾದರೂ ಯಾವ ತಹಶೀಲ್ದಾರರಾದರೂ ಒಪ್ಪುವಂತೆ ಕಂದಾಯ ಇಲಾಖೆ ಆದೇಶ ಮಾಡಬೇಕು.

ಅಲ್ಲಿಯವರೆಗೆ ಹೊರಡುವ ಮೊದಲು ಮಾಡಿಕೊಳ್ಳಬಹುದಾದ ಕೆಲಸ ಇಷ್ಟು. ಹಿಂಡಿಗೆ ಲಸಿಕೆ ಹಾಕಿಸುವಾಗ ಎಷ್ಟು ಕುರಿ ಎಂದು ಪಶು ಆಸ್ಪತ್ರೆಯ ಪುಸ್ತಕದಲ್ಲಿ ಬರೆಸಿ, ಅದರ ಚೀಟಿ ಕೇಳಿ ತೆಗೆದುಕೊಳ್ಳಬೇಕು. ಆಧಾರ್, ಪಾಸ್‌ಬುಕ್ಕು, ಪಹಣಿ ಇದ್ದರೆ ಅದರ ಫೋಟೊ ಮೊಬೈಲಿನಲ್ಲಿ ಇರಬೇಕು. ದಾರಿಯಲ್ಲಿ ಪ್ರಾಣಿಗೆ ಏನಾದರೂ ಆದರೆ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಸತ್ತ ಜಾಗದಲ್ಲೇ, ಮರ, ಗದ್ದೆಯ ಬದು ಕಾಣುವಂತೆ, ಎಣಿಸಲು ಬರುವಂತೆ ಕುರಿಗಳ ಫೋಟೊ ತೆಗೆದು, ಆ ಊರಿನ ಗ್ರಾಮ ಪಂಚಾಯಿತಿಗೂ ತನ್ನ ಊರಿನ ತಲಾಟಿಗೂ ಅದೇ ದಿನ ತಿಳಿಸಬೇಕು.